ಬಾಕ್ಸ್‌ಸ್ಟರ್‌ ಪ್ಲಗ್‌ಗೆ ಇಂಜಿನ್ ಇಳಿಸೋದು ಬೇಡ

ಹಳೇ ಪೋರ್ಷೆ ಬಾಕ್ಸ್‌ಸ್ಟರ್‌ನ ಆರು ಸ್ಪಾರ್ಕ್ ಪ್ಲಗ್‌ಗಳನ್ನು ಮನೆಯಲ್ಲೇ ಬದಲಾಯಿಸಬಹುದಾ, ಇಂಜಿನ್ ಇಳಿಸಬೇಕಾ ಅಂತ ಕೇಳಿದ್ದೀರಿ. ಇಳಿಸೋದೇನೂ ಬೇಡ ಗುರುಗಳೇ. ಇಂಜಿನ್ ಸೀಟಿನ ಹಿಂದೆ ಚಪ್ಪಟೆಯಾಗಿ ಮಲಗಿದೆ, ಆ ಕಡೆ ಮೂರು ಈ ಕಡೆ ಮೂರು ಸಿಲಿಂಡರ್, ಹಾಗಾಗಿ ಪ್ಲಗ್ ಸಿಗೋದು ಮೇಲಿಂದಲ್ಲ, ಹಿಂದಿನ ಚಕ್ರ ಬಿಚ್ಚಿ ಕೆಳಗಿಂದ.

ನಾನು ಮೈಸೂರಿನ ಕುವೆಂಪುನಗರದ ಮನೆ ಮುಂದೆಯೇ ಮಾಡಿದೆ. ರಸ್ತೆ ಸ್ವಲ್ಪ ಇಳಿಜಾರು, ಮೊದಲ ಸಲ ಜಾಕ್ ಕೊಟ್ಟಾಗ ಗಾಡಿ ನಾಲ್ಕು ಬೆರಳು ಜಾರಿ ಎದೆ ಝಲ್ ಎಂದಿತು. ಸಮತಟ್ಟು ಜಾಗ ನೋಡಿಕೊಳ್ಳಿ, ಗಾಡಿಗೆ ಆಸರೆ ಕೊಡೋ ಜಾಕ್ ಸ್ಟ್ಯಾಂಡ್ ಇಡದೆ ಕೆಳಗೆ ಹೋಗಬೇಡಿ.

ಇಂಜಿನ್ ಪೂರ್ತಿ ತಣ್ಣಗಿರಬೇಕು. ನಂಜನಗೂಡಿಗೆ ಹೋಗಿ ಬಂದು ಕಾಫಿ ಕುಡಿದು ಶುರು ಮಾಡೋ ಕೆಲಸ ಅಲ್ಲ ಇದು. ಪ್ಲಗ್ ಕೂರೋ ಸಿಲಿಂಡರ್ ಹೆಡ್ ಅಲ್ಯೂಮಿನಿಯಂದು, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು, ಆಮೇಲೆ ಖರ್ಚು ಜಾಸ್ತಿ.

ಪ್ರತಿ ಪ್ಲಗ್ ಮೇಲೂ ಕಿಡಿಗೆ ಕರೆಂಟ್ ಕೊಡೋ ಒಂದು ಕಾಯಿಲ್, ಅದಕ್ಕೆ ಎರಡು ಅಲೆನ್ ಬೋಲ್ಟ್. ಕಾಯಿಲ್ ತೆಗೆದ ಮೇಲೆ ಟಾರ್ಚ್ ಬಿಟ್ಟು ನೋಡಿ. ಕಾಯಿಲ್ ಮೈ ಮೇಲೆ ಕೂದಲಿನಂಥ ಬಿರುಕು ಇದ್ದರೆ ಅದನ್ನೂ ಬದಲಾಯಿಸಿ, ಮಳೆಗಾಲದಲ್ಲಿ ಇಂಜಿನ್ ಮಿಸ್ ಹೊಡೆಯೋದು ಇದರಿಂದಲೂ ಇರಬಹುದು. ಪ್ಲಗ್ ಕೊಳವೆಯಲ್ಲಿ ಆಯಿಲ್ ನಿಂತಿದ್ದರೆ ಆಯಿಲ್ ತಡೆಯೋ ರಬ್ಬರ್ ಬಳೆ, ಅಂದ್ರೆ ಓ-ರಿಂಗ್, ಹೋಗಿದೆ ಅಂತ ಲೆಕ್ಕ. ಗಾಳಿ ಹೊಡೆದು ಕಸ ತೆಗೆದ ಮೇಲೇ ಪ್ಲಗ್ ಬಿಚ್ಚಿ.

ಹೊಸದನ್ನು ಹಾಕುವಾಗ ಸ್ಪ್ಯಾನರ್ ದೂರ ಇಡಿ. ಗೇಣುದ್ದ ಪೆಟ್ರೋಲ್ ಪೈಪ್ ತುಂಡನ್ನು ಪ್ಲಗ್ ತಲೆಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಸುಮ್ನೆ ಜಾರುತ್ತೆ, ಹೆಡ್ ಉಳಿಯುತ್ತೆ. ಕೊನೆಗೆ ಎಷ್ಟು ಬಿಗಿ ಅಂತ ಅಳೆದು ತೋರಿಸೋ ಟಾರ್ಕ್ ರೆಂಚಲ್ಲಿ 30 ನ್ಯೂಟನ್ ಮೀಟರ್, ಅಷ್ಟೇ. ಟಾರ್ಕ್ ರೆಂಚ್ ಇಲ್ಲ ಅಂದ್ರೆ ಮೊದಲು ಅದನ್ನು ತಗೊಳ್ಳಿ, ಪ್ಲಗ್ ಆಮೇಲೆ.