ಕ್ರೈಸ್ತ ನಂಬಿಕೆ ಕಳೆದುಕೊಂಡವರಿಗೆ ದೇವರ ಕೃಪೆ ಉಳಿದಿರುತ್ತದೆಯೇ?

ನಂಬಿಕೆ ಹೋಯಿತು, ಇನ್ನು ಕೃಪೆಗೂ ನಾನು ಹೊರಗಿನವನೇ ಎಂದು ಕೇಳಿದ್ದೀರಿ. ಬೈಬಲ್ ಓದಿದರೆ ಹಾಗೆ ಅನ್ನಿಸುವುದಿಲ್ಲ.

ಯೇಸುವಿನ ಶಿಷ್ಯ ಪೇತ್ರನನ್ನೇ ನೋಡಿ. ಯೇಸುವನ್ನು ಬಂಧಿಸಿದ ರಾತ್ರಿ ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತು, ಯೇಸು ಯಾರೋ ಗೊತ್ತೇ ಇಲ್ಲ ಅಂದುಬಿಟ್ಟ. ಒಂದಲ್ಲ, ಮೂರು ಸಲ. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ, ಯೇಸು ಸತ್ತು ಮತ್ತೆ ಎದ್ದು ಬಂದ ಮೇಲೆ, ಕೆರೆಯ ದಡದಲ್ಲಿ ಮತ್ತೆ ಕೆಂಡ ಉರಿಯುತ್ತಿದೆ. ಆದರೆ ಈಗ ಅದರ ಮೇಲೆ ಮೀನಿದೆ, ಪಕ್ಕದಲ್ಲಿ ರೊಟ್ಟಿ ಇದೆ. ಯೇಸು ಮೊದಲು ಊಟಕ್ಕೆ ಕರೆಯುತ್ತಾನೆ. ಪೇತ್ರನಿಗೆ ‘ನನ್ನನ್ನು ಪ್ರೀತಿಸುತ್ತೀಯಾ’ ಅನ್ನುವ ಪ್ರಶ್ನೆ ಬರುವುದು ಊಟ ಆದಮೇಲೆ. ಈ ಕ್ರಮ ನನಗೆ ತುಂಬಾ ಇಷ್ಟ.

ಬೈಬಲಿನ 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಆದರೂ ಅದು ಪ್ರಾರ್ಥನೆಯೇ, ಅಲ್ವಾ? ಮದರ್ ತೆರೇಸಾ ಕೂಡ ಎಷ್ಟೋ ವರ್ಷ ದೇವರು ಇಲ್ಲವೇನೋ ಅನ್ನುವ ಶೂನ್ಯ ಅನುಭವಿಸಿದರು. 2007ರಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ ಇದು ಕಾಣುತ್ತದೆ.

ಕೃಪೆ ಅಂದರೆ ಗಳಿಸದೆ ಸಿಗುವುದು. ನಂಬಿಕೆಯನ್ನೂ ಅದರ ಶುಲ್ಕ ಮಾಡಬೇಡಿ. ಈಗ ಪ್ರಾರ್ಥನೆ ಬರದಿದ್ದರೆ ಬಲವಂತ ಬೇಡ. ನಂಬಿಕೆಯಿರುವ ಸ್ನೇಹಿತರ ಜೊತೆ ಸುಮ್ನೆ ಒಂದು ಊಟ ಮಾಡಿ.