ಮೀಮ್‌ನಲ್ಲಿರುವ ಮುಖ ಯಾರದ್ದು?

ಪ್ರಿಯ ಓದುಗರೇ,

ಮೀಮ್, ಅಂದರೆ ಇಂಟರ್‌ನೆಟ್ಟಿನಲ್ಲಿ ತಮಾಷೆಗೆ ಕೈಯಿಂದ ಕೈಗೆ ಹಂಚುವ ಚಿತ್ರ, ವಿಡಿಯೋಗಳ ಬಗ್ಗೆ ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಸಿಟ್ಟಿನಲ್ಲೇ ಪತ್ರ ಬರೆದಿದ್ದೀರಿ. ನಿಮ್ಮ ಮಗಳು ತರಗತಿಯಲ್ಲಿ ಆಕಳಿಸುವಾಗ ಯಾರೋ ಫೋಟೋ ತೆಗೆದು, ಸ್ಟಿಕ್ಕರ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಈಗ ಯಾರಿಗೆ ಬೋರಾದರೂ ಗ್ರೂಪಿನಲ್ಲಿ ಅವಳ ಮುಖ ಬಂದು ಬೀಳುತ್ತದೆ. ‘ಎಲ್ಲರೂ ಸುಮ್ನೆ ತಮಾಷೆ ಅಂತಾರೆ. ಒಬ್ಬರನ್ನು ಆಡಿಕೊಳ್ಳುವುದಕ್ಕೆ ನೀವು ಯಾಕೆ ಪುಟ ಕೊಡುತ್ತೀರಿ?’ ಎಂದು ಕೇಳಿದ್ದೀರಿ.

ನಿಮ್ಮ ಮಗಳಿಗೆ ಆಗಿರುವುದು ತಮಾಷೆಯಲ್ಲ. ಆದರೆ ಮೀಮ್ ಅಂದರೆ ಇಷ್ಟೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಗು ಬಂತಾ ಇಲ್ಲವಾ ಎನ್ನುವುದಕ್ಕಿಂತ, ಚಿತ್ರದಲ್ಲಿರುವವರಿಗೆ ‘ಬೇಡ’ ಎನ್ನಲು ಅವಕಾಶವಿತ್ತಾ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ನೋವು ನುಂಗಿಕೊಂಡು ನಗುವ ಬಿಳಿ ಗಡ್ಡದ ಅಜ್ಜನ ಮೀಮ್ ನೀವೂ ನೋಡಿರಬಹುದು. ಅವರು ಹಂಗೇರಿಯ ಎಲೆಕ್ಟ್ರಿಕಲ್ ಇಂಜಿನಿಯರ್ ಆಂದ್ರಾಶ್ ಅರಾತೋ. ಜಾಹೀರಾತಿಗೆಂದು ಮಾರುವ ಫೋಟೋಗಳಿಗೆ ಅವರು ತಾವೇ ಒಪ್ಪಿ ಪೋಸ್ ಕೊಟ್ಟಿದ್ದರು. ತಮ್ಮ ಮುಖ ಮೀಮ್ ಆಗಿದ್ದು ಕಂಡು ಮೊದಲು ಗಾಬರಿಯಾದರು. ಎಷ್ಟೋ ಕಾಲದ ನಂತರ ‘ಅದು ನಾನೇ’ ಎಂದು ಮುಂದೆ ಬಂದರು. ಆಮೇಲೆ ವೇದಿಕೆ ಹತ್ತಿ ಆ ಕಥೆ ಹೇಳಿದರು. ದೊಡ್ಡವರಾಗಿದ್ದರೂ ಒಗ್ಗಿಕೊಳ್ಳಲು ಅವರಿಗೆ ಅಷ್ಟು ಸಮಯ ಬೇಕಾಯಿತು.

ಇನ್ನು ಕೆನಡಾದ ಒಬ್ಬ ಹುಡುಗನ ಕಥೆ. 2002ರಲ್ಲಿ ಶಾಲೆಯ ಸ್ಟುಡಿಯೋದಲ್ಲಿ ಒಬ್ಬನೇ ಇದ್ದಾಗ, ಗಾಲ್ಫ್ ಚೆಂಡು ಎತ್ತುವ ಕೋಲನ್ನು ಕತ್ತಿಯ ಹಾಗೆ ಬೀಸುತ್ತಾ ವಿಡಿಯೋ ಮಾಡಿಕೊಂಡ. ಟೇಪು ಸಹಪಾಠಿಗಳ ಕೈಗೆ ಸಿಕ್ಕಿತು. 2003ರಲ್ಲಿ ಅದು ಇಂಟರ್‌ನೆಟ್ಟಿಗೆ ಬಂತು. ಆಗ ಯೂಟ್ಯೂಬ್ ಕೂಡ ಇರಲಿಲ್ಲ, ಆದರೂ ಲೋಕವೆಲ್ಲ ನೋಡಿತು. ಗುರುತಿಲ್ಲದವರು ಅದಕ್ಕೆ ಬೆಳಕು, ಸದ್ದು ಸೇರಿಸಿ ಹೊಸ ಹೊಸ ವಿಡಿಯೋ ಮಾಡಿದರು. ಅವರಲ್ಲಿ ಎಷ್ಟೋ ಜನಕ್ಕೆ ಅವನ ಮೇಲೆ ಪ್ರೀತಿಯೇ ಇತ್ತು. ದುಡ್ಡು ಕೂಡಿಸಿ ಉಡುಗೊರೆಯನ್ನೂ ಕಳಿಸಿದರು. ಆದರೆ ಹುಡುಗ ಆ ಶಾಲೆಯನ್ನೇ ಬಿಡಬೇಕಾಯಿತು. ಮನೆಯವರು ಕೋರ್ಟಿಗೆ ಹೋದರು, 2006ರಲ್ಲಿ ರಾಜಿಯಾಯಿತು. ಮುಂದೆ ಅವನು ಕಾನೂನು ಓದಿದ. 2013ರಲ್ಲಿ ತಾನೇ ಮುಂದೆ ಬಂದು, ಇಂಥ ಹಿಂಸೆ ಅನುಭವಿಸುವ ಮಕ್ಕಳ ಪರ ಮಾತಾಡಿದ. ನೋಡಿದವರೆಲ್ಲ ಕೆಟ್ಟವರಲ್ಲ. ಆದರೆ ಅವನನ್ನು ಒಂದು ಮಾತು ಕೇಳಿದವರು ಯಾರು?

ಮುಷ್ಟಿಯಲ್ಲಿ ಮರಳು ಹಿಡಿದ ಮಗುವಿನ ಮೀಮ್ ಬೇರೆಯದೇ ಬಗೆ. ಆ ಫೋಟೋ ತೆಗೆದವರು ತಾಯಿಯೇ. 2015ರಲ್ಲಿ ಆ ಮಗುವಿನ ಅಪ್ಪನ ಕಿಡ್ನಿ ಕಸಿಗೆ ದುಡ್ಡು ಕೂಡಿಸಲು ಆ ಖ್ಯಾತಿಯೇ ನೆರವಾಯಿತು. ಆದರೆ ಅಮೆರಿಕದ ಒಬ್ಬ ರಾಜಕಾರಣಿಯ ಪ್ರಚಾರಕ್ಕೆ ಅದನ್ನು ಕೇಳದೆ ಬಳಸಿದಾಗ ತಾಯಿ ಕೇಸು ಹಾಕಿದರು. 2022ರಲ್ಲಿ ತೀರ್ಪು ಅವರ ಕಡೆಗೇ ಬಂತು. ಸಿಕ್ಕಿದ್ದು ಬರೀ 750 ಡಾಲರ್. ಇರಲಿ, ನಾಡೆಲ್ಲ ಹಂಚಿಕೊಂಡ ಚಿತ್ರಕ್ಕೂ ಹೇಳುವವರು ಕೇಳುವವರು ಇದ್ದಾರೆ ಅಂತಾಯ್ತು, ಅಲ್ವಾ?

ಈಗ ನಿಮ್ಮ ಮಗಳ ವಿಷಯ. ವಾಟ್ಸಾಪ್‌ನಲ್ಲಿ ಗ್ರೂಪಿನ ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಬಹುದು. ಮೊದಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಅಡ್ಮಿನ್‌ಗೆ ಹೇಳಿ. ಆದರೆ ಸ್ಟಿಕ್ಕರ್ ಒಬ್ಬೊಬ್ಬರ ಫೋನಿನಲ್ಲೂ ಉಳಿದಿರುತ್ತದೆ. ಆದ್ದರಿಂದ ತರಗತಿಯ ಮಕ್ಕಳ ಹತ್ತಿರ ಶಿಕ್ಷಕರು ಮಾತಾಡಲೇಬೇಕು. ಯಾರು, ಯಾವಾಗ, ಹೇಗೆ ಮಾತಾಡಬೇಕು ಎಂಬುದನ್ನು ಮಗಳನ್ನೇ ಕೇಳಿ ತೀರ್ಮಾನಿಸಿ. ಅವಳಿಗೆ ಹೇಳದೆ ಶಾಲೆಗೆ ಹೋಗಬೇಡಿ.

– ಸಂಪಾದಕ