ಹಳೆಯ ಗಾಡಿಯ ಮಿಸ್ಸಿಂಗ್: ತೊಂದರೆ ಕರೆಂಟಿನದೋ, ಪೆಟ್ರೋಲಿನದೋ?

ಪ್ರಶ್ನೆ: ನಮ್ಮ ಮನೆಯಲ್ಲಿ 1997ರ ಕಾರ್ಬ್ಯುರೇಟರ್ ಮಾದರಿಯ ಮಾರುತಿ 800 ಇದೆ. ಬೆಳಿಗ್ಗೆ ಒಮ್ಮೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗಿ ಮಾನ್ವಿಯವರೆಗೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮರಳುವಾಗ ಮಾತ್ರ ಅರ್ಧ ದಾರಿಯಲ್ಲಿ ಪಿಕಪ್ ಕಡಿಮೆಯಾಗಿ, ಜರ್ಕ್ ಹೊಡೆಯುತ್ತಾ ನಿಂತುಬಿಡುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಹೊರಡುತ್ತದೆ. ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ಹೊಸ ಕಿಟ್ ಹಾಕಿದರು, ಇನ್ನೊಬ್ಬರು ಪ್ಲಗ್ ಮತ್ತು ಕಾಯಿಲ್ ಬದಲಿಸಿದರು. ದೋಷ ಹಾಗೆಯೇ ಇದೆ. ಈಗ ಎಂಜಿನ್ ಇಳಿಸಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ರಾಯಚೂರು

ಉತ್ತರ: ದಯವಿಟ್ಟು ಎಂಜಿನ್ ಇಳಿಸಲು ಈಗಲೇ ಒಪ್ಪಬೇಡಿ. ತಂಪಿನಲ್ಲಿ ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಆರಿದ ಮೇಲೆ ತಾನಾಗಿಯೇ ಹೊರಡುವ ಎಂಜಿನ್ನಿನಲ್ಲಿ ಪಿಸ್ಟನ್ ಅಥವಾ ರಿಂಗುಗಳು ಸವೆದಿರುವುದೇ ಕಾರಣವಾಗಿರುವ ಸಾಧ್ಯತೆ ಬಹಳ ಕಡಿಮೆ. ಸವೆದ ರಿಂಗು ಅರ್ಧ ಗಂಟೆ ನೆರಳಿನಲ್ಲಿ ನಿಂತ ಮಾತ್ರಕ್ಕೆ ಸರಿಹೋಗುವುದಿಲ್ಲ. ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದದ್ದು ಗಾಡಿ ಯಾವಾಗ ನಿಲ್ಲುತ್ತದೆ ಎಂದು ನೀವು ಬರೆದಿರುವ ವಿವರ. ಈ ವಿವರವನ್ನು ಕೇಳದೆ ಭಾಗಗಳನ್ನು ಬದಲಿಸುತ್ತಾ ಹೋದದ್ದರಿಂದಲೇ ನಿಮ್ಮ ಹಣ ವ್ಯರ್ಥವಾಗಿದೆ. ಗಾಡಿ ಗ್ಯಾರೇಜಿಗೆ ತಲುಪುವ ಹೊತ್ತಿಗೆ ತಣ್ಣಗಾಗಿರುತ್ತದೆ, ದೋಷ ಅಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಇಂಥ ಗಾಡಿಯನ್ನು ಪರೀಕ್ಷಿಸಬೇಕಾದದ್ದು ಅದು ನಿಂತ ಜಾಗದಲ್ಲಿ, ರಸ್ತೆಯ ಬದಿಯಲ್ಲಿ, ನಿಂತ ಎರಡು ಮೂರು ನಿಮಿಷಗಳೊಳಗೆ.

ಮುಂದಿನ ಸಲ ಗಾಡಿ ನಿಂತ ಕೂಡಲೇ ಬಾನೆಟ್ ಎತ್ತಿ, ಇಗ್ನಿಷನ್ ಆಫ್ ಮಾಡಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡಿ. ಆಕ್ಸಿಲರೇಟರ್ ಕೇಬಲ್ ಸೇರುವ ಲಿವರನ್ನು ಕೈಯಿಂದ ಒಮ್ಮೆ ಪೂರ್ತಿ ತಿರುಗಿಸಿದರೆ, ಒಳಗಿನ ಸಣ್ಣ ನಳಿಗೆಯಿಂದ ದಾರದಷ್ಟು ಸಪೂರವಾದ ಪೆಟ್ರೋಲಿನ ಧಾರೆ ಚಿಮ್ಮಬೇಕು. ಧಾರೆ ಬಂದರೆ ಫ್ಲೋಟ್ ಚೇಂಬರಿನಲ್ಲಿ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ) ಪೆಟ್ರೋಲ್ ಇದೆ ಎಂದರ್ಥ, ಆಗ ಕರೆಂಟಿನ ಕಡೆಗೆ ಗಮನ ಹರಿಸಬೇಕು. ಧಾರೆ ಬಾರದಿದ್ದರೆ ಅಥವಾ ಬರಿಯ ಗುಳ್ಳೆ ಬಂದರೆ ಪೆಟ್ರೋಲ್ ಅಲ್ಲಿಗೆ ತಲುಪುತ್ತಿಲ್ಲ. ಬಳಿಕ ಮುಚ್ಚಳ ಹಾಕಿ, ಒಂದು ಹೆಚ್ಚುವರಿ ಪ್ಲಗ್ಗನ್ನು ಪ್ಲಗ್ ವೈರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ನೀಲಿಯಾದ, ಚಟಚಟನೆ ಸದ್ದು ಮಾಡುವ ಕಿಡಿ ಬಂದರೆ ಕರೆಂಟ್ ಸರಿಯಾಗಿದೆ. ಹಳದಿಯಾದ ಸಣ್ಣ ಕಿಡಿ ಬಂದರೆ ಅಥವಾ ಕಿಡಿಯೇ ಬಾರದಿದ್ದರೆ ಕಾದ ಮೇಲೆ ಕೈಕೊಡುವ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಅಥವಾ ಅದನ್ನು ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಭಾಗವನ್ನು ಸಂಶಯಿಸಬೇಕು. ಹೊಸದಾಗಿ ಹಾಕಿದ ಕಾಯಿಲ್ ಒಳ್ಳೆಯದೇ ಆಗಿರುತ್ತದೆ ಎಂಬ ಭರವಸೆಯೂ ಬೇಡ. ಪೆಟ್ರೋಲ್ ಸೋರುವ ವಾಸನೆ ಇದ್ದರೆ ಮಾತ್ರ ಈ ಕಿಡಿಯ ಪರೀಕ್ಷೆಯನ್ನು ಖಂಡಿತ ಮಾಡಬಾರದು.

ಗಾಡಿ ನಿಲ್ಲುವ ರೀತಿಯೂ ಸುಳಿವು ಕೊಡುತ್ತದೆ. ಕರೆಂಟ್ ಹೋದರೆ ಸ್ವಿಚ್ ಆಫ್ ಮಾಡಿದಂತೆ ಎಂಜಿನ್ ಥಟ್ಟನೆ ಸಾಯುತ್ತದೆ. ಪೆಟ್ರೋಲ್ ಸಾಲದಾದರೆ ನೀವು ಬರೆದಂತೆಯೇ ಮೊದಲು ಪಿಕಪ್ ಹೋಗಿ, ಜರ್ಕ್ ಹೊಡೆದು, ಕಾಲು ಸಡಿಲಿಸಿದಾಗ ಸ್ವಲ್ಪ ಚೇತರಿಸಿ, ಮತ್ತೆ ಒತ್ತಿದಾಗ ಬಳಲಿ ನಿಲ್ಲುತ್ತದೆ. ಓಡುತ್ತಿರುವಾಗಲೇ ಚೋಕ್ ಅರ್ಧ ಎಳೆದು ನೋಡಿ. ಅದರಿಂದ ಓಟ ಸುಧಾರಿಸಿದರೆ ಎಂಜಿನ್ನಿಗೆ ಸಿಗುತ್ತಿರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂಬುದು ಖಚಿತವಾಗುತ್ತದೆ.

ನಿಮ್ಮ ವರ್ಣನೆಯಿಂದ ನನಗೆ ಬಲವಾಗಿ ತೋರುವುದು ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿಕೊಳ್ಳುವ ತೊಂದರೆ. ಇದನ್ನು ಮೆಕ್ಯಾನಿಕರು ವೇಪರ್ ಲಾಕ್ ಎನ್ನುತ್ತಾರೆ. ಪೆಟ್ರೋಲ್ ಹಲವು ದ್ರವಗಳ ಮಿಶ್ರಣವಾಗಿದ್ದು, ಅದರ ಅತಿ ಹಗುರ ಭಾಗಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ರಾಯಚೂರಿನ ಮೇ ತಿಂಗಳಿನಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಬಾನೆಟ್ಟಿನ ಕೆಳಗಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ನಿಮ್ಮ ಗಾಡಿಯ ಪೆಟ್ರೋಲ್ ಪಂಪ್ (ಮೆಕ್ಯಾನಿಕರ ಮಾತಿನಲ್ಲಿ ‘ಎಸಿ ಪಂಪ್’) ಎಂಜಿನ್ನಿಗೇ ಜೋಡಿಸಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಎಳೆಯುವ ಪೈಪಿನಲ್ಲಿ ಒತ್ತಡ ಕಡಿಮೆಯಿರುವುದರಿಂದ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ, ಮತ್ತು ಪಂಪ್ ಆವಿಯನ್ನು ದೂಡಲಾರದು. ಗಾಡಿ ನಿಂತಾಗ ಪಂಪಿನ ಮೇಲೂ ಪೈಪಿನ ಮೇಲೂ ಒದ್ದೆ ಬಟ್ಟೆ ಹಾಕಿ, ಐದು ನಿಮಿಷದಲ್ಲಿ ಹೊರಟರೆ ಕಾರಣ ಇದೇ. ಕಾಯಿಲಿನ ಮೇಲೆ ಮಾತ್ರ ಬಟ್ಟೆ ಹಾಕಬೇಡಿ.

ಆದರೆ ಈ ಕಾರು ಹೊಸದಾಗಿದ್ದಾಗಲೂ ರಾಯಚೂರಿನ ಬಿಸಿಲು ಹೀಗೆಯೇ ಇತ್ತು, ಆಗ ನಿಲ್ಲುತ್ತಿರಲಿಲ್ಲ. ಆದ್ದರಿಂದ ಪಂಪಿನ ಎಳೆತವನ್ನು ಕಷ್ಟಗೊಳಿಸಿರುವ ಇನ್ನೊಂದು ಕಾರಣವನ್ನೂ ಹುಡುಕಬೇಕು. ಮೊದಲು ಟ್ಯಾಂಕಿನ ಮುಚ್ಚಳ ನೋಡಿ: ಗಾಡಿ ನಿಂತಾಗ ಅದನ್ನು ತಿರುಗಿಸಿದರೆ ‘ಸುಸ್’ ಎಂದು ಗಾಳಿ ಒಳಕ್ಕೆ ಹೋಗಿ, ಆಮೇಲೆ ಎಂಜಿನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿದಾರಿ ಧೂಳಿನಿಂದ ಮುಚ್ಚಿದೆ. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪುಗಳನ್ನು ಬಾಗಿಸಿ ನೋಡಿ. ಎಳೆಯುವ ಬದಿಯಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಕ್ಕೆ ತೊಟ್ಟಿಕ್ಕದೆಯೇ ಗಾಳಿ ಒಳಕ್ಕೆ ಸೇರುತ್ತದೆ, ಹಾಗಾಗಿ ಸೋರಿಕೆ ಕಾಣಲಿಲ್ಲವೆಂದು ಸುಮ್ಮನಾಗಬಾರದು. ಫಿಲ್ಟರ್ ಬದಲಿಸಿ. ಪಂಪಿನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪ್ ಮಡಚಿಕೊಂಡಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಆ ಹರಿವೇ ಪಂಪನ್ನು ತಂಪಾಗಿಡುತ್ತದೆ. ಕೊನೆಯದಾಗಿ ಎಂಜಿನ್ ಆಯಿಲಿನ ಗೇಜ್ ಕಡ್ಡಿಯನ್ನು ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಪಂಪಿನೊಳಗಿನ ಪೊರೆ (ಡಯಾಫ್ರಾಮ್) ಹರಿದಿದೆ. ಪಂಪ್ ಮತ್ತು ಆಯಿಲ್ ಎರಡನ್ನೂ ಬದಲಿಸುವವರೆಗೆ ಗಾಡಿ ಓಡಿಸಬೇಡಿ, ತೆಳುವಾದ ಆಯಿಲ್ ಬೇರಿಂಗುಗಳನ್ನು ಹಾಳುಮಾಡುತ್ತದೆ.

ಬಿಸಿಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷದ ನಂತರ ಸ್ಟಾರ್ಟ್ ಆಗದೆ ಪೆಟ್ರೋಲ್ ವಾಸನೆ ಬಂದರೆ ಅದು ಬೇರೆ ವಿಷಯ. ಆಗ ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ಕುದಿದು ಎಂಜಿನ್ನಿಗೆ ಹೆಚ್ಚಾಗಿ ಇಳಿದಿರುತ್ತದೆ. ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯದೆ, ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು.

ಪ್ರಶ್ನೆ: ನಮ್ಮ 1998ರ ಓಮ್ನಿಗೆ ಎಲ್‌ಪಿಜಿ ಕಿಟ್ ಇದೆ. ಅದಿರಿನ ಲಾರಿಗಳ ಧೂಳಿನ ರಸ್ತೆಯಲ್ಲೇ ದಿನವೂ ಓಡಾಟ. ನಿಂತಲ್ಲಿ ಐಡಲಿಂಗಿನಲ್ಲಿ ಇಡೀ ಗಾಡಿ ನಡುಗುತ್ತದೆ, ಚಡಾವಿನಲ್ಲಿ ಎಳೆಯುವುದಿಲ್ಲ. ಗ್ಯಾಸಿನಲ್ಲೂ ಪೆಟ್ರೋಲಿನಲ್ಲೂ ಒಂದೇ ರೀತಿ. ಕಾರ್ಬ್ಯುರೇಟರ್ ಬದಲಿಸಬೇಕೇ?
— ಓದುಗರೊಬ್ಬರು, ಸಂಡೂರು

ಉತ್ತರ: ಬೇಡ. ಎರಡೂ ಇಂಧನಗಳಲ್ಲಿ ಮಿಸ್ಸಿಂಗ್ (ಸಿಲಿಂಡರಿನಲ್ಲಿ ದಹನ ತಪ್ಪುವುದು) ಒಂದೇ ರೀತಿ ಇದೆ ಎಂದಮೇಲೆ ಪೆಟ್ರೋಲ್ ಪಂಪನ್ನೂ ಕಾರ್ಬ್ಯುರೇಟರಿನ ಜೆಟ್ಟುಗಳನ್ನೂ ಸದ್ಯಕ್ಕೆ ಬಿಟ್ಟುಬಿಡಬಹುದು. ಎರಡಕ್ಕೂ ಸಮಾನವಾಗಿ ಉಳಿಯುವುದು ಕಿಡಿ, ಎಂಜಿನ್ ಒಳಗೆಳೆಯುವ ಗಾಳಿ ಮತ್ತು ಕಂಪ್ರೆಷನ್.

ನಿಮ್ಮದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ ಶಕ್ತಿಯಲ್ಲಿ ಮೂರನೆಯ ಒಂದು ಭಾಗವೇ ಹೋಗುತ್ತದೆ, ನೀವು ಹೇಳುವ ನಡುಕಕ್ಕೆ ಅಷ್ಟು ಸಾಕು. ಯಾವ ಸಿಲಿಂಡರ್ ಎಂದು ತಿಳಿಯಲು ಮುಂದಿನ ಸೀಟನ್ನು ಎತ್ತಿ, ಎಂಜಿನ್ ಆಫ್ ಮಾಡಿ ಒಂದು ಪ್ಲಗ್ಗಿನ ವೈರ್ ತೆಗೆದು, ಆ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಲೋಹಕ್ಕೆ ತಾಗಿಸಿಟ್ಟು, ಸ್ಟಾರ್ಟ್ ಮಾಡಿ ಸದ್ದು ಕೇಳಿ. ಹೀಗೆ ಮೂರನ್ನೂ ಒಂದೊಂದಾಗಿ ನೋಡಿ. ಒಳ್ಳೆಯ ಸಿಲಿಂಡರಿನ ವೈರ್ ತೆಗೆದಾಗ ಎಂಜಿನ್ ಇನ್ನಷ್ಟು ನಡುಗುತ್ತದೆ ಅಥವಾ ನಿಂತೇಹೋಗುತ್ತದೆ. ಯಾವುದನ್ನು ತೆಗೆದರೂ ವ್ಯತ್ಯಾಸವೇ ಕಾಣದೋ ಆ ಸಿಲಿಂಡರ್ ಸತ್ತಿದೆ. ಓಡುವ ಎಂಜಿನ್ನಿನಲ್ಲಿ ಬರಿಗೈಯಿಂದ ವೈರ್ ಎಳೆಯಬೇಡಿ.

ಸತ್ತ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಮಿಸ್ಸಿಂಗ್ ಪ್ಲಗ್ಗಿನ ಜೊತೆ ಸ್ಥಳ ಬದಲಿಸಿದರೆ ಪ್ಲಗ್ಗೇ ಕೆಟ್ಟಿದೆ. ಬದಲಿಸದಿದ್ದರೆ ಪ್ಲಗ್ಗಿನ ತುದಿ ಗಮನಿಸಿ: ತಿಳಿ ಕಂದು ಬಣ್ಣ ಇದ್ದರೆ ದಹನ ಚೆನ್ನಾಗಿದೆ, ಒದ್ದೆಯಾಗಿ ಪೆಟ್ರೋಲ್ ವಾಸನೆ ಇದ್ದರೆ ಕಿಡಿ ಇಲ್ಲವೇ ಕಂಪ್ರೆಷನ್ ಇಲ್ಲ, ಎಣ್ಣೆ ಮೆತ್ತಿದ್ದರೆ ರಿಂಗು ಅಥವಾ ವಾಲ್ವ್ ಸೀಲ್ ಸವೆದಿದೆ, ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳುವಾಗಿ (ಗಾಳಿಗೆ ತಕ್ಕಷ್ಟು ಇಂಧನವಿಲ್ಲದೆ) ಅತಿಯಾಗಿ ಕಾಯುತ್ತಿದೆ. ರಾತ್ರಿ ಕತ್ತಲಿನಲ್ಲಿ ಎಂಜಿನ್ ಓಡಿಸಿ ವೈರುಗಳನ್ನು ದೂರದಿಂದ ನೋಡುವುದು ನನಗೆ ಬಹಳ ಇಷ್ಟವಾದ ಪರೀಕ್ಷೆ. ನಿರೋಧಕ ಬಿರಿದ ಕಡೆ ನೀಲಿ ಕಿಡಿಗಳು ಹೊರಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ಅದಿರಿನ ಧೂಳು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಹೊರಗೆ ಕುಳಿತು ತೇವದೊಡನೆ ಸೇರಿದರೆ ಕರೆಂಟ್ ದಾರಿ ತಪ್ಪುತ್ತದೆ, ಆದ್ದರಿಂದ ಕ್ಯಾಪನ್ನು ಬಿಚ್ಚಿ ಒಣ ಬಟ್ಟೆಯಿಂದ ಒರೆಸಿ, ಕೂದಲೆಳೆಯಂಥ ಕಪ್ಪು ಗೀರು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಗೀರು ಇದ್ದರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಬೇಕು.

ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಮತ್ತು ವ್ಯಾಕ್ಯೂಮ್ ಪೈಪುಗಳ ಸಂದುಗಳ ಮೇಲೆ ಸ್ವಲ್ಪ ನೀರು ಸಿಂಪಡಿಸಿ. ಎಂಜಿನ್ನಿನ ಸದ್ದು ಬದಲಾದ ಜಾಗದಲ್ಲಿ ಗಾಳಿ ಎಳೆಯುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಕಾದ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಅದು ಪ್ರಾಣಕ್ಕೇ ಅಪಾಯ.

ಇವೆಲ್ಲ ಸರಿಯಿದ್ದರೆ ಕಂಪ್ರೆಷನ್ ಗೇಜ್ ಹಾಕಿಸಿ. ಗ್ಯಾಸಿನಲ್ಲಿ ಬಹಳ ಕಾಲ ಓಡಿದ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟು ಸವೆದು, ಟ್ಯಾಪೆಟ್ ಸಂದು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ) ತಾನಾಗಿ ಬಿಗಿಯಾಗಿ, ವಾಲ್ವ್ ಪೂರ್ತಿ ಮುಚ್ಚದೆ ಉಳಿಯುವುದು ಸಾಮಾನ್ಯ. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗು, ಏರದಿದ್ದರೆ ವಾಲ್ವ್. ವಾಲ್ವ್ ಎಂದು ಕಂಡರೆ ಹೆಡ್ ಇಳಿಸುವ ಮೊದಲು ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿ ಇನ್ನೊಮ್ಮೆ ಅಳತೆ ತೆಗೆಸಿ. ಎಷ್ಟೋ ಗಾಡಿಗಳಿಗೆ ಅಷ್ಟೇ ಸಾಕಾಗುತ್ತದೆ.

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಜೀಪು ಬೆಳಿಗ್ಗೆ ಬಿಳಿ ಹೊಗೆ ಕಾರುತ್ತಾ ಮಿಸ್ಸಿಂಗ್ ಹೊಡೆಯುತ್ತದೆ, ಕಾದ ಮೇಲೆ ಸರಿಯಾಗುತ್ತದೆ. ರೇಸ್ ಮಾಡುವಾಗ ಕೆಲವೊಮ್ಮೆ ಸದ್ದು ಏರಿಳಿಯುತ್ತದೆ.
— ಓದುಗರೊಬ್ಬರು, ಗಂಗಾವತಿ

ಉತ್ತರ: ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಇಲ್ಲದಿರುವುದರಿಂದ ಹುಡುಕಾಟ ಅರ್ಧ ಕಡಿಮೆ. ಸದ್ದು ಏರಿಳಿಯುವುದು ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರುವ ಲಕ್ಷಣ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಜೋಡಣೆ, ವಾಷರ್ ಮತ್ತು ಫಿಲ್ಟರ್ ಬಟ್ಟಲಿನ ಸೀಲನ್ನು ನೋಡಿ, ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿ. ಫಿಲ್ಟರಿನ ತಳದ ನೀರನ್ನೂ ಹೊರಬಿಡಿ. ಗದ್ದೆಯ ಬದಿಯಲ್ಲಿ ಕ್ಯಾನಿನಿಂದ ಡೀಸೆಲ್ ಸುರಿಯುವವರ ಗಾಡಿಗಳಲ್ಲಿ ಧೂಳು ಮತ್ತು ನೀರು ಎರಡೂ ಟ್ಯಾಂಕಿಗೆ ಸೇರುತ್ತವೆ. ಬಿಳಿ ಹೊಗೆ ಉಳಿದರೆ ನಾಝಲ್‌ಗಳನ್ನು ಟೆಸ್ಟರಿನಲ್ಲಿ ಪರೀಕ್ಷಿಸಿ. ಸರಿಯಾಗಿ ಸಿಂಪಡಿಸದ ನಾಝಲ್ ತಣ್ಣನೆಯ ಎಂಜಿನ್ನಿನಲ್ಲಿ ಡೀಸೆಲನ್ನು ಸುಡದೆ ಹೊರಕ್ಕೆ ಕಳುಹಿಸುತ್ತದೆ. ಸಿಂಪಡಿಸುವ ನಾಝಲ್ಲಿನ ಮುಂದೆ ಕೈ ಒಡ್ಡಬಾರದು, ಆ ಒತ್ತಡದಲ್ಲಿ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ಪ್ರಶ್ನೆ: ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ನಮ್ಮ ಕಾರ್ಬ್ಯುರೇಟರ್ ಕಾರು ಮಿಸ್ಸಿಂಗ್ ಹೆಚ್ಚು ಮಾಡುತ್ತಿದೆ. ವಾರಗಟ್ಟಲೆ ನಿಲ್ಲಿಸಿಡುತ್ತೇವೆ. ಸಂಬಂಧ ಇದೆಯೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಇದೆ, ಆದರೆ ಎಲ್ಲ ದೋಷವನ್ನೂ ಅದರ ಮೇಲೆ ಹೊರಿಸಲಾಗದು. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಸೆನ್ಸರ್ ಇರುವ ಎಂಪಿಎಫ್‌ಐ ಎಂಜಿನ್ (ಕಾರ್ಬ್ಯುರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಜಿನ್) ಇದನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಸಾಮರ್ಥ್ಯವಿಲ್ಲ. ಐಡಲಿಂಗ್ ಮಿಶ್ರಣದ ಸ್ಕ್ರೂವನ್ನು ಹೊಸದಾಗಿ ಹೊಂದಿಸಿದರೆ ನಿಂತಲ್ಲಿನ ನಡುಕ ಕಡಿಮೆಯಾಗುತ್ತದೆ. ಹಳೆಯ ರಬ್ಬರ್ ಪೈಪುಗಳು ಎಥೆನಾಲಿಗೆ ಉಬ್ಬಿ, ಮೆತ್ತಗಾಗಿ, ಒಳಪದರ ಕಳಚುತ್ತವೆ. ಎಥೆನಾಲ್ ತಡೆಯುವ ಪೈಪುಗಳನ್ನೇ ಕೇಳಿ ತನ್ನಿ.

ನಿಲ್ಲಿಸಿಟ್ಟ ಗಾಡಿಗೆ ದೊಡ್ಡ ತೊಂದರೆ ನೀರಿನದು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮತ್ತು ಒಂದು ಮಿತಿಯ ನಂತರ ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಹೋಗುವ ಪೈಪ್ ಎಳೆಯುವುದು ಆ ತಳದಿಂದಲೇ. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಬಯಲಿನಲ್ಲಿ, ಬೆಂಕಿಯಿಂದ ದೂರ, ಸ್ವಲ್ಪ ಹೊತ್ತು ಅಲುಗಾಡದಂತೆ ಇಡಿ. ಎರಡು ಪದರ ಕಂಡರೆ ಅದಕ್ಕೆ ಹೊಸ ಪೆಟ್ರೋಲ್ ಬೆರೆಸಿ ಸರಿಮಾಡಲು ಹೋಗದೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ, ತೊಳೆಸಿ. ತೊಳೆದ ಮೇಲೂ ಟ್ಯಾಂಕಿನಲ್ಲಿ ಉಳಿದ ಹಳೆಯ ಜಿಡ್ಡು ಕರಗಿ ಬರುವುದರಿಂದ ಹೊಸ ಫಿಲ್ಟರ್ ಬೇಗನೆ ಕಟ್ಟುತ್ತದೆ. ಇನ್ನೊಂದನ್ನು ಮೊದಲೇ ತಂದಿಟ್ಟುಕೊಂಡು, ಕೆಲವೇ ವಾರಗಳಲ್ಲಿ ಮತ್ತೆ ಬದಲಿಸಿ.